ತಡೆ ಮತ್ತು ಪುನರಾರಂಭ: ಸ್ವಯಂಚಾಲಿತ ಕಾರ್ಯಸರಣಿಗಳ ಆಜ್ಞೆಗಳನ್ನು ಕುರಿತು ಒಂದು ವಿಮರ್ಶೆ

೧

ಗಣಕಯಂತ್ರಕ್ಕೆ ಒಪ್ಪಿಸಿದ ಕೆಲಸಗಳಲ್ಲಿ ಬಹುಭಾಗ ಇಂದು ಮನುಷ್ಯನ ಕೈ ಸೋಂಕದೆ ತಾನಾಗಿಯೇ ನಡೆಯುತ್ತದೆ. ಗೊತ್ತಾದ ವೇಳೆಗೆ ಲೆಕ್ಕಪತ್ರಗಳನ್ನು ಒಟ್ಟುಗೂಡಿಸುವುದು, ವೇತನದ ಪಟ್ಟಿಯನ್ನು ಬ್ಯಾಂಕಿಗೆ ಕಳುಹಿಸುವುದು, ಶುಲ್ಕ ಬಾಕಿಯಿರುವ ವಿದ್ಯಾರ್ಥಿಗಳಿಗೆ ಸೂಚನೆ ಕೊಡುವುದು, ಪರೀಕ್ಷೆಯ ಅಂಕಗಳನ್ನು ಒಂದು ಕಡತದಿಂದ ಮತ್ತೊಂದಕ್ಕೆ ಸಾಗಿಸುವುದು ಮೊದಲಾದ ಕೆಲಸಗಳನ್ನು ಒಂದರ ಹಿಂದೆ ಒಂದರಂತೆ ಪೋಣಿಸಿ ಒಮ್ಮೆ ಸ್ಥಾಪಿಸಿದರೆ, ಅವು ದಿನವೂ ತಪ್ಪದೆ ನಡೆಯುತ್ತಿರುತ್ತವೆ. ಇಂತಹ ಪೋಣಿಕೆಯನ್ನು ಪ್ರಕೃತ ಲೇಖನದಲ್ಲಿ ಕಾರ್ಯಸರಣಿ ಎಂದು ಕರೆದಿದೆ. ಲೆಕ್ಕದಲ್ಲಿ ದೋಷ ಕಂಡಾಗಲೋ, ದುರಸ್ತಿ ನಡೆಯುವಾಗಲೋ ನಡೆಯುತ್ತಿರುವ ಸರಣಿಯನ್ನು ತಡೆಯಬೇಕಾಗುತ್ತದೆ; ಅನಂತರ ತಡೆದುದನ್ನು ಮತ್ತೆ ನಡೆಸಬೇಕಾಗುತ್ತದೆ. ಈ ಎರಡು ಕ್ರಿಯೆಗಳಿಗಾಗಿ ಏರ್ಪಟ್ಟಿರುವ ಆಜ್ಞೆಗಳ ಗುಣದೋಷಗಳನ್ನು ವಿವೇಚಿಸುವುದೇ ಇಲ್ಲಿಯ ಉದ್ದೇಶ.

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಈ ವಿಷಯಕ್ಕೇನು ಸ್ಥಾನ ಎಂದು ಕೆಲವರಾದರೂ ಕೇಳಬಹುದು. ಉತ್ತರ ಸರಳವಾದುದು. ಗಣಕಕ್ಕೆ ಅಪ್ಪಣೆ ಕೊಡುವ ಮಾರ್ಗಗಳು ಮುಖ್ಯವಾಗಿ ಎರಡು. ಪರದೆಯ ಮೇಲಿನ ಗುಂಡಿಯನ್ನು ಒತ್ತುವುದು ಒಂದು. ಆಜ್ಞೆಯನ್ನು ಅಕ್ಷರಗಳಲ್ಲಿ ಬರೆದು ಒಪ್ಪಿಸುವುದು ಇನ್ನೊಂದು. ಎರಡನೆಯದಕ್ಕೆ ಕಮ್ಯಾಂಡ್ ಲೈನ್ ಎಂದು ಹೆಸರು. ಆಜ್ಞಾಪಂಕ್ತಿ ಎಂದರೆ ಕನ್ನಡಕ್ಕೆ ಒಗ್ಗುತ್ತದೆ. ಗುಂಡಿಯೊತ್ತುವುದಕ್ಕೆ ವಾಕ್ಯರೂಪವಿಲ್ಲ. ಪಂಕ್ತಿಯಾದರೋ ಒಂದು ವಾಕ್ಯ: ಅದರಲ್ಲಿ ಕ್ರಿಯಾಪದವಿದೆ, ಕರ್ಮಪದವಿದೆ, ವಿಶೇಷಣಗಳಿವೆ. ಅದನ್ನು ನಕಲು ಮಾಡಬಹುದು, ಕಡತದಲ್ಲಿ ಇಡಬಹುದು, ಹತ್ತು ವರ್ಷಗಳ ತರುವಾಯ ತೆಗೆದು ಓದಬಹುದು. ಬರೆದಿಟ್ಟ ಆಜ್ಞೆಯೆಲ್ಲವೂ ಇತಿಹಾಸಕಾರನ ಪಾಲಿಗೆ ಆಕರವೇ. ಶಾಸನ, ಸನ್ನದು, ನಿರೂಪ, ಸರ್ಕಾರಿ ಆದೇಶ ಇವುಗಳನ್ನು ಯಾವ ದೃಷ್ಟಿಯಿಂದ ಪರೀಕ್ಷಿಸುತ್ತೇವೆಯೋ ಅದೇ ದೃಷ್ಟಿಯಿಂದ ಈ ಪಂಕ್ತಿಗಳನ್ನೂ ಪರೀಕ್ಷಿಸುವುದು ನ್ಯಾಯವಾದುದು.

ಪರೀಕ್ಷೆಗೆ ಒಂದು ಅಳತೆಗೋಲು ಬೇಕಷ್ಟೆ. ಅದು ನಮ್ಮ ಕಚೇರಿಗಳಲ್ಲಿಯೇ ಇದೆ. ಸರ್ಕಾರಿ ನೌಕರನನ್ನು ಅಮಾನತಿನಲ್ಲಿಡುವ ಆದೇಶವನ್ನು ನೋಡಿದವರು ಬಲ್ಲರು: ವಜಾ ಬೇರೆ, ಅಮಾನತು ಬೇರೆ. ಅಮಾನತಿನಲ್ಲಿ ಹುದ್ದೆಯ ಸಂಬಂಧ ಕಡಿಯುವುದಿಲ್ಲ. ಕೆಲಸ ಮಾತ್ರ ನಿಲ್ಲುತ್ತದೆ. ಆದೇಶ ಹೊರಡಿಸಿದ ಅಧಿಕಾರಿ ಯಾರು, ಯಾವ ನಿಯಮದ ಮೇರೆಗೆ, ಯಾವ ವಿಚಾರಣೆಯನ್ನು ನಿರೀಕ್ಷಿಸಿ ಎಂಬುದು ಅಲ್ಲಿ ಬರೆದಿರುತ್ತದೆ. ಆ ಕಾಲದಲ್ಲಿ ಜೀವನಾಧಾರ ಭತ್ಯೆ ಸಲ್ಲುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ, ನೌಕರನನ್ನು ಮರಳಿ ಸೇವೆಗೆ ತೆಗೆದುಕೊಳ್ಳುವಾಗ, ಅಮಾನತಿನ ಅವಧಿಯನ್ನು ಕರ್ತವ್ಯದ ಅವಧಿಯೆಂದು ಎಣಿಸಬೇಕೇ ಬೇಡವೇ ಎಂಬುದನ್ನು ಅಧಿಕಾರಿಯು ಸ್ಪಷ್ಟವಾಗಿ ಬರೆಯಲೇಬೇಕೆಂದು ಸೇವಾ ನಿಯಮಗಳು ವಿಧಿಸುತ್ತವೆ. ತಡೆಯನ್ನು ತೆರವು ಮಾಡಿದರೆ ಸಾಲದು, ತಡೆದ ಕಾಲದ ಗತಿಯನ್ನು ನಿರ್ಣಯಿಸಬೇಕು ಎಂಬುದು ಇದರ ತಾತ್ಪರ್ಯ.

ಇದರಿಂದ ಮೂರು ಪ್ರಶ್ನೆಗಳು ಹೊರಡುತ್ತವೆ. ಒಂದು, ತಡೆದಾಗ ನಿಂತದ್ದು ಯಾವುದು, ನಿಲ್ಲದೆ ಉಳಿದದ್ದು ಯಾವುದು? ಎರಡು, ತಡೆಗೂ ಪುನರಾರಂಭಕ್ಕೂ ನಡುವಣ ಕಾಲದಲ್ಲಿ ಆಗಬೇಕಾಗಿದ್ದ ಕೆಲಸದ ಗತಿಯೇನು? ಮೂರು, ತಡೆದವರು ಯಾರು, ಏಕೆ, ಎಂದಿನವರೆಗೆ? ಈ ಮೂರಕ್ಕೂ ಉತ್ತರ ಹೇಳುವ ಆಜ್ಞೆ ಉತ್ತಮ. ಒಂದಕ್ಕೂ ಹೇಳದಿರುವುದು ಅಪೂರ್ಣ. ರೂಢಿಯಲ್ಲಿರುವ ಆಜ್ಞೆಗಳಲ್ಲಿ ಹೆಚ್ಚಿನವು ಎರಡನೆಯ ವರ್ಗಕ್ಕೆ ಸೇರುತ್ತವೆ ಎಂಬುದು ಈ ಲೇಖನದ ಪ್ರತಿಪಾದನೆ.

೨

ಮೊದಲನೆಯ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ತಡೆಯ ಆಜ್ಞೆಗಳಲ್ಲಿ ಹಳೆಯವು ಯೂನಿಕ್ಸ್ ಎಂಬ ವ್ಯವಸ್ಥೆಗೆ ಸೇರಿದವು. ೧೯೮೦ರ ಸುಮಾರಿಗೆ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದ ಯೂನಿಕ್ಸಿನಲ್ಲಿ, ನಡೆಯುತ್ತಿರುವ ಕೆಲಸವನ್ನು ನಿಂತ ನಿಲುವಿನಲ್ಲಿ ತಡೆದು ಮತ್ತೆ ನಡೆಸುವ ಏರ್ಪಾಟು ಬಂದಿತು. ಕಂಟ್ರೋಲ್ ಮತ್ತು ಜೆಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕೆಲಸ ನಿಲ್ಲುತ್ತದೆ. 'ಎಫ್‌ಜಿ' ಎಂದು ಬರೆದರೆ ಮುಂದುವರಿಯುತ್ತದೆ. ಕಣ್ಣೆದುರಿಗಿಲ್ಲದ ಕೆಲಸಕ್ಕೆ 'ಕಿಲ್' ಎಂಬ ಆಜ್ಞೆಯ ಮೂಲಕ 'ಸ್ಟಾಪ್' ಎಂಬ ಸಂಕೇತವನ್ನು ಕಳುಹಿಸಿ ತಡೆಯಬಹುದು, 'ಕಾಂಟ್' ಎಂಬುದನ್ನು ಕಳುಹಿಸಿ ನಡೆಸಬಹುದು. ಕೊಲ್ಲು ಎಂಬ ಹೆಸರಿನ ಆಜ್ಞೆಯಿಂದಲೇ ಕೆಲಸವನ್ನು ಜೀವಂತವಾಗಿ ಹಿಡಿದಿಡುವುದು ವಿಚಿತ್ರವಾಗಿ ತೋರಬಹುದು. ಹೆಸರಿನಿಂದಲೇ ಅರ್ಥವನ್ನು ಹಿಡಿಯಹೊರಟವನಿಗೆ ಇದು ಮೊದಲ ಎಚ್ಚರಿಕೆ.

ಈ ತಡೆಯಲ್ಲಿ ಕೆಲಸದ ನೆನಪೆಲ್ಲವೂ ಇದ್ದಂತೆಯೇ ಇರುತ್ತದೆ. ಆದರೆ ಲೋಕದ ಗಡಿಯಾರ ನಿಲ್ಲುವುದಿಲ್ಲ. ತಡೆಯಲ್ಪಟ್ಟ ಕೆಲಸವು ಇನ್ನೊಂದು ಯಂತ್ರದೊಡನೆ ಮಾತಿನಲ್ಲಿದ್ದಿತಾದರೆ, ಆ ಯಂತ್ರವು ಸ್ವಲ್ಪ ಹೊತ್ತು ಕಾದು ಸಂಪರ್ಕವನ್ನು ಕಡಿದುಕೊಳ್ಳಬಹುದು. ಎಚ್ಚೆತ್ತ ಕೆಲಸ ಮಾತನ್ನು ಮುಂದುವರಿಸಹೊರಟರೆ ಕೇಳುವವರೇ ಇರುವುದಿಲ್ಲ. ಇಷ್ಟಾದರೂ ಈ ಆಜ್ಞೆಯ ಗುಣವೊಂದನ್ನು ಒಪ್ಪಬೇಕು: ನಿಲ್ಲಿಸು ಎಂದರೆ ಅದು ನಿಜವಾಗಿಯೂ ನಿಲ್ಲಿಸುತ್ತದೆ. 'ಸ್ಟಾಪ್' ಸಂಕೇತವನ್ನು ಯಾವ ಕೆಲಸವೂ ಅಲಕ್ಷ್ಯ ಮಾಡಲಾರದು.

ಇತ್ತೀಚಿನ ಸಾಧನಗಳಲ್ಲಿ ಈ ನೇರತನ ಕಡಮೆ. ಲಿನಕ್ಸಿನ 'ಸಿಸ್ಟಮ್‌ಸಿಟಿಎಲ್' ಎಂಬ ಸಾಧನದಲ್ಲಿ 'ಸ್ಟಾಪ್' ಎಂದರೆ ಈಗ ನಿಲ್ಲಿಸು ಎಂದಷ್ಟೇ ಅರ್ಥ. ಯಂತ್ರವನ್ನು ಮರುದಿನ ಮತ್ತೆ ಚಾಲೂ ಮಾಡಿದರೆ ಆ ಸೇವೆಯೂ ಮೇಲೇಳುತ್ತದೆ. 'ಡಿಸೇಬಲ್' ಎಂದರೆ ಮುಂದೆ ತಾನಾಗಿ ಏಳಬೇಡ ಎಂದರ್ಥ. ಈಗ ನಡೆಯುತ್ತಿರುವುದು ಮಾತ್ರ ನಡೆಯುತ್ತಲೇ ಇರುತ್ತದೆ. ನಿಲ್ಲಿಸಿದೆನೆಂದು ನಂಬಿದವನಿಗೆ ಎರಡು ಕಡೆಯೂ ಮೋಸವಾಗುವ ಸಂಭವವುಂಟು.

ಕಾರ್ಯಸರಣಿಗಳಿಗೆಂದೇ ರಚಿತವಾದ ಏರ್‌ಫ್ಲೋ ೨೦೧೪ರಲ್ಲಿ ಏರ್‌ಬಿಎನ್‌ಬಿ ಸಂಸ್ಥೆಯಲ್ಲಿ ಹುಟ್ಟಿ, ೨೦೧೯ರಲ್ಲಿ ಅಪಾಚಿ ಪ್ರತಿಷ್ಠಾನದ ಪೂರ್ಣಪ್ರಮಾಣದ ಯೋಜನೆಯಾಯಿತು. ಅಲ್ಲಿ 'ಪಾಜ್' ಎಂಬ ಆಜ್ಞೆ ಕೊಟ್ಟರೆ ಆಗಲೇ ಕೈಗೆತ್ತಿಕೊಂಡ ಕೆಲಸ ಮುಗಿಯುವವರೆಗೆ ನಡೆಯುತ್ತದೆ. ಅದರ ಮುಂದಿನ ಹಂತಗಳು ಸರದಿಯಲ್ಲಿ ಕಾಯುತ್ತವೆ. ಹೊಸ ಸರದಿ ಹೊರಡುವುದಿಲ್ಲ. ಕುಬರ್ನೆಟೀಸ್ ಎಂಬ ವ್ಯವಸ್ಥೆಯಲ್ಲಿ ಕಾಲನಿಯತ ಕೆಲಸಕ್ಕೆ 'ಸಸ್ಪೆಂಡ್' ಎಂಬ ಗುರುತನ್ನು ಹಚ್ಚಿದರೆ ಮುಂದಿನ ಸರದಿಗಳು ತಡೆಯಲ್ಪಡುತ್ತವೆ. ಆಗಲೇ ಹೊರಟಿರುವ ಕೆಲಸಕ್ಕೆ ಅದು ತಾಗುವುದೇ ಇಲ್ಲ. ಸರಣಿಯ ಮಧ್ಯದಲ್ಲಿ ತಪ್ಪು ಮೊತ್ತವೊಂದು ಬ್ಯಾಂಕಿಗೆ ಹೋಗುತ್ತಿದೆಯೆಂದು ಕಂಡು ತಡೆಯ ಆಜ್ಞೆ ಕೊಟ್ಟವನು, ಆ ಮೊತ್ತವು ಹೋಗಿಯೇ ತೀರುವುದನ್ನು ನೋಡಬೇಕಾಗಬಹುದು. ಈ ನಡತೆ ಸ್ವತಃ ದೋಷವಲ್ಲ. ಅರ್ಧ ಮಾಡಿದ ಕೆಲಸಕ್ಕಿಂತ ಪೂರ್ತಿ ಮಾಡಿದುದು ಎಷ್ಟೋ ವೇಳೆ ಮೇಲು. ಒಂದೇ ಕ್ರಿಯಾಪದಕ್ಕೆ ಸಾಧನದಿಂದ ಸಾಧನಕ್ಕೆ ಬೇರೆ ಬೇರೆ ಅರ್ಥವಿದ್ದು, ಆ ಅರ್ಥವು ಪಂಕ್ತಿಯಲ್ಲಿ ಎಲ್ಲಿಯೂ ಕಾಣಿಸದಿರುವುದು ದೋಷ.

೩

ಎರಡನೆಯ ಪ್ರಶ್ನೆ ಇದಕ್ಕಿಂತ ತೊಡಕಿನದು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಕಾಲೇಜೊಂದರಲ್ಲಿ ಶುಲ್ಕ ಬಾಕಿಯ ಸೂಚನೆಯನ್ನು ದಿನಕ್ಕೊಮ್ಮೆ ಕಳುಹಿಸುವ ಸರಣಿಯೊಂದಿದೆ. ಮೂರು ವಾರ ಅದನ್ನು ತಡೆದು, ಆಮೇಲೆ ನಡೆಸಿದರು. ತಪ್ಪಿಹೋದ ಸರದಿಗಳು ಇಪ್ಪತ್ತೊಂದು. ಅವೆಲ್ಲವೂ ಒಂದೇ ಬೆಳಗ್ಗೆ ಹೊರಟರೆ, ಶುಲ್ಕವನ್ನು ಎಂದೋ ಕಟ್ಟಿದ ವಿದ್ಯಾರ್ಥಿಗೂ ಇಪ್ಪತ್ತೊಂದು ಸೂಚನೆಗಳು ಹೋಗಬಹುದು. ಹಾಗೆಂದು ತಪ್ಪಿದುದನ್ನೆಲ್ಲ ಬಿಟ್ಟುಬಿಡುವುದೂ ಸಲ್ಲದು: ದಿನದ ಹಾಜರಿಯನ್ನು ಸೇರಿಸುವ ಸರಣಿಯಲ್ಲಿ ಹಾಗೆ ಮಾಡಿದರೆ, ಮೂರು ವಾರ ತರಗತಿಯಲ್ಲಿ ಕುಳಿತವನ ಹಾಜರಿ ಇಲ್ಲದೆಹೋಗುತ್ತದೆ, ಪರೀಕ್ಷೆಗೆ ಕೂರುವ ಅರ್ಹತೆಗೇ ಧಕ್ಕೆ ಬರುತ್ತದೆ. ಒಂದು ಕಡೆ ಉಪಕಾರವಾದುದು ಇನ್ನೊಂದು ಕಡೆ ಅನ್ಯಾಯ. ಆದುದರಿಂದ ನಡುವಣ ಕಾಲದ ನಿರ್ಣಯವನ್ನು ಯಂತ್ರಕ್ಕೆ ಬಿಡತಕ್ಕದ್ದಲ್ಲ. ಕೆಲಸದ ಸ್ವರೂಪವನ್ನು ಬಲ್ಲ ಮನುಷ್ಯನೇ ಮಾಡತಕ್ಕದ್ದು.

ಸಾಧನಗಳು ಇಲ್ಲಿ ಹೇಗೆ ವರ್ತಿಸುತ್ತವೆ? ಯೂನಿಕ್ಸಿನ ಹಳೆಯ 'ಕ್ರಾನ್' ತಪ್ಪಿದ ಸರದಿಯನ್ನು ಮರೆತೇಬಿಡುತ್ತದೆ. ಅದನ್ನು ತಡೆಯುವುದಕ್ಕೆ ಪ್ರತ್ಯೇಕವಾದ ಕ್ರಿಯಾಪದವೂ ಇಲ್ಲ, ಸಾಲಿನ ಮೊದಲಿಗೆ ಹ್ಯಾಷ್ ಗುರುತು ಹಾಕಿ ಅದನ್ನು ಕಣ್ಣಿಗೆ ಕಟ್ಟಿದ ಪಟ್ಟಿಯಂತೆ ಮುಚ್ಚುವುದೇ ವಾಡಿಕೆ. ಕುಬರ್ನೆಟೀಸಿನಲ್ಲಿ ತಡೆಯ ಕಾಲದ ಸರದಿಗಳನ್ನು ತಪ್ಪಿದವು ಎಂದು ಎಣಿಸಲಾಗುತ್ತದೆ. ಆರಂಭಕ್ಕೆ ಗಡುವನ್ನು ಗೊತ್ತು ಮಾಡಿಲ್ಲದಿದ್ದರೆ, ತಡೆ ತೆಗೆದ ತಕ್ಷಣವೇ ತಪ್ಪಿದ ಕೆಲಸ ಹೊರಡುತ್ತದೆ. ಏರ್‌ಫ್ಲೋದಲ್ಲಿ 'ಅನ್‌ಪಾಜ್' ಎಂದು ಬರೆದರೆ ಆಗುವುದೇನು ಎಂಬುದು ಆ ಪಂಕ್ತಿಯಿಂದ ತಿಳಿಯುವುದೇ ಇಲ್ಲ. ಸರಣಿಯ ರಚನೆಯ ಕಡತದಲ್ಲಿ 'ಕ್ಯಾಚಪ್' ಎಂಬ ಒಂದು ಗುರುತಿದೆ. ಅದು ಹೌದು ಎಂದಿದ್ದರೆ ತಪ್ಪಿದ ಸರದಿಗಳೆಲ್ಲ ನಡೆಯುತ್ತವೆ. ಅಲ್ಲ ಎಂದಿದ್ದರೆ ಇತ್ತೀಚಿನದೊಂದು ಮಾತ್ರ. ಗುರುತೇ ಇಲ್ಲದಿದ್ದರೆ? ಎರಡನೆಯ ಆವೃತ್ತಿಯಲ್ಲಿ ಹೌದು ಎಂದು ಭಾವಿಸಲಾಗುತ್ತಿತ್ತು. ೨೦೨೫ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಅಲ್ಲ ಎಂದು ಭಾವಿಸಲಾಗುತ್ತದೆ. ಅಂದರೆ ಅಕ್ಷರವೂ ಬದಲಾಗದ ಒಂದೇ ಆಜ್ಞೆಗೆ, ಆವೃತ್ತಿ ಬದಲಾದ ಮಾತ್ರಕ್ಕೆ, ತದ್ವಿರುದ್ಧವಾದ ಫಲ. ಭವಿಷ್ಯದ ಸಂಶೋಧಕನಿಗೆ ಆ ಪಂಕ್ತಿಯೊಂದೇ ದೊರೆತರೆ ಆತ ಏನನ್ನು ನಿರ್ಣಯಿಸಬಲ್ಲ?

ನಮ್ಮ ನಾಡಿನ ಇತಿಹಾಸದಲ್ಲಿಯೇ ದೀರ್ಘವಾದ ಒಂದು ತಡೆಯೂ ಪುನರಾರಂಭವೂ ನಡೆದಿವೆ. ನಗರದ ದಂಗೆಯ ಹಿನ್ನೆಲೆಯಲ್ಲಿ ೧೮೩೧ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ವಹಿಸಿಕೊಂಡನು. ಇದು ರಾಜ್ಯವನ್ನು ಕಂಪನಿಗೆ ಸೇರಿಸಿಕೊಂಡಂತಲ್ಲ, ತಾತ್ಕಾಲಿಕವಾದ ತಡೆ. ಆದರೆ ಆ ತಡೆಗೆ ಇಂತಿಷ್ಟು ಕಾಲವೆಂಬ ಅವಧಿ ಗೊತ್ತಾಗಿರಲಿಲ್ಲ. ತಡೆಗೆ ಕೊಟ್ಟ ಕಾರಣಗಳನ್ನು ಅನಂತರ ಪರಿಶೀಲಿಸಿದ ಸಮಿತಿಯು, ದುರಾಡಳಿತದ ವರದಿಗಳಲ್ಲಿ ಉತ್ಪ್ರೇಕ್ಷೆಯಿತ್ತೆಂದು ೧೮೩೩ರಲ್ಲಿ ಕಂಡುಕೊಂಡಿತು. ಅಷ್ಟಾದರೂ ತಡೆ ತೆರವಾಗಲಿಲ್ಲ. ಮುಮ್ಮಡಿಯವರು ೧೮೬೮ರಲ್ಲಿ ತೀರಿಕೊಂಡರು. ರಾಜ್ಯವು ಒಡೆಯರ ಮನೆತನಕ್ಕೆ ಮರಳಿ ಬಂದುದು ೧೮೮೧ರ ಮಾರ್ಚ್ ೨೫ರಂದು, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ. ಅವಧಿಯಿಲ್ಲದ ತಡೆಯು ಐವತ್ತು ವರ್ಷಗಳಷ್ಟು ಬೆಳೆಯಿತು.

ತಡೆಯ ಪತ್ರದಲ್ಲಿ ಇಲ್ಲದ ಸ್ಪಷ್ಟತೆ ಪುನರಾರಂಭದ ಪತ್ರದಲ್ಲಿದೆ. ೧೮೮೧ರ ಹಸ್ತಾಂತರ ಪತ್ರವು ೧೮೩೧ಕ್ಕೆ ಹಿಂದಿರುಗುವ ಪ್ರಯತ್ನವನ್ನು ಮಾಡುವುದಿಲ್ಲ. ನಡುವಣ ಕಾಲದಲ್ಲಿ ಕಬ್ಬನ್, ಬೌರಿಂಗ್ ಮುಂತಾದ ಕಮಿಷನರುಗಳು ಆಡಳಿತವನ್ನು ಪುನರ್ರಚಿಸಿದ್ದರು. ಬೆಂಗಳೂರು ಜೋಲಾರಪೇಟೆಗಳ ನಡುವೆ ರೈಲು ಓಡಿತ್ತು. ಹೊಸ ಕಾನೂನುಗಳು ಜಾರಿಗೆ ಬಂದಿದ್ದವು. ಹಸ್ತಾಂತರದ ವೇಳೆಯಲ್ಲಿ ಜಾರಿಯಲ್ಲಿದ್ದ ಕಾನೂನುಗಳನ್ನು ಪಟ್ಟಿಯಾಗಿ ಲಗತ್ತಿಸಿ, ಅವು ಮುಂದುವರಿಯತಕ್ಕವೆಂದು ಆ ಪತ್ರ ವಿಧಿಸಿತು. ಷರತ್ತುಗಳ ನ್ಯಾಯಾನ್ಯಾಯ ಬೇರೆಯ ವಿಷಯ. ಮಹಾರಾಜರ ಅಧಿಕಾರವನ್ನು ಅವು ಬಹಳವಾಗಿ ಬಿಗಿದವೆಂಬುದು ಸತ್ಯ. ಆದರೆ ಪತ್ರವೆಂಬ ದೃಷ್ಟಿಯಿಂದ ಅದು ಪೂರ್ಣವಾದುದು, ಏಕೆಂದರೆ ಕಳೆದ ಕಾಲವನ್ನು ಏನು ಮಾಡಬೇಕೆಂಬುದನ್ನು ಅದು ಬಾಯ್ದೆರೆದು ಹೇಳುತ್ತದೆ.

ಈ ಅಳತೆಯಿಂದ ನೋಡಿದರೆ ಟೆಂಪೊರಲ್ ಎಂಬ ಸಾಧನವು ಉಳಿದವುಗಳಿಗಿಂತ ಮೇಲೆನ್ನಬೇಕು. ಅಲ್ಲಿ ಪುನರಾರಂಭವೇ ಬೇರೆ, ತಪ್ಪಿದ ಕಾಲವನ್ನು ತುಂಬುವುದೇ ಬೇರೆ. ತುಂಬುವುದಕ್ಕೆ 'ಬ್ಯಾಕ್‌ಫಿಲ್' ಎಂಬ ಪ್ರತ್ಯೇಕವಾದ ಆಜ್ಞೆಯಿದೆ. ಎಂದಿನಿಂದ ಎಂದಿನವರೆಗೆ ಎಂಬುದನ್ನು ಅದರಲ್ಲಿ ಬರೆಯಬೇಕು. ಒಂದು ಸರದಿಯ ಕೆಲಸ ಇನ್ನೊಂದರ ಮೇಲೆ ಬಿದ್ದರೆ ಕಾಯಬೇಕೇ, ಬಿಡಬೇಕೇ, ಒಟ್ಟಿಗೆ ನಡೆಯಬೇಕೇ ಎಂಬುದನ್ನೂ ಬರೆಯಬಹುದು. ಆಜ್ಞೆ ಕೊಡುವವನು ಯೋಚಿಸಲೇಬೇಕಾದ ಪ್ರಶ್ನೆಯನ್ನು ಪಂಕ್ತಿಯೇ ಅವನ ಮುಂದಿಡುತ್ತದೆ.

೪

ಮೂರನೆಯ ಪ್ರಶ್ನೆ ಕಾರಣದ್ದು. ಇದರಲ್ಲಿಯೂ ಉಕ್ತ ಸಾಧನವೇ ಗಮನಾರ್ಹ. ಸರದಿಪಟ್ಟಿಯನ್ನು ತಡೆಯುವ ಅದರ ಆಜ್ಞೆಯಲ್ಲಿ 'ರೀಸನ್' ಎಂಬ ಒಂದು ಅಂಗವಿದೆ. ಕಾರಣವನ್ನು ಅಲ್ಲಿಯೇ ಬರೆಯಬಹುದು, ಅದು ಪಟ್ಟಿಯ ಜತೆಯಲ್ಲಿ ಉಳಿಯುತ್ತದೆ. ಬರೆಯದೆ ಬಿಟ್ಟರೆ, ಕಾರಣ ಕೊಟ್ಟಿಲ್ಲ ಎಂಬರ್ಥದ ಮಾತನ್ನು ಯಂತ್ರವೇ ಬರೆದುಕೊಳ್ಳುತ್ತದೆ. ಇದನ್ನು ಅಲ್ಪವೆಂದು ತಳ್ಳುವಂತಿಲ್ಲ. ಖಾಲಿ ಬಿಟ್ಟ ಸ್ಥಳವು ಮೌನ. ಕಾರಣ ಕೊಟ್ಟಿಲ್ಲ ಎಂಬುದು ಸಾಕ್ಷ್ಯ. ಏರ್‌ಫ್ಲೋದ 'ಪಾಜ್' ಪಂಕ್ತಿಯಲ್ಲಾಗಲಿ ಕುಬರ್ನೆಟೀಸಿನ 'ಸಸ್ಪೆಂಡ್' ಗುರುತಿನಲ್ಲಾಗಲಿ ಇಂತಹ ಸ್ಥಾನವೇ ಇಲ್ಲ. ಅಲ್ಲಿ ತಡೆಯೆಂಬುದು ಹೌದು ಅಲ್ಲ ಎಂಬ ಎರಡು ಮಾತುಗಳಲ್ಲಿ ಮುಗಿಯುತ್ತದೆ.

ಪೂರ್ಣವಾದ ತಡೆಯ ದಾಖಲೆ ಹೇಗಿರಬೇಕೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ನೌಕೆಗಳಿಗೆ ಆಜ್ಞೆ ಕೊಡುವ ಇಸ್ಟ್ರಾಕ್ ಕೇಂದ್ರವು ರಾಜಾಜಿನಗರಕ್ಕೆ ಅನತಿದೂರದ ಪೀಣ್ಯದಲ್ಲಿದೆ. ಆ ಆಜ್ಞೆಗಳನ್ನು ಆಳಬಾಹ್ಯಾಕಾಶಕ್ಕೆ ಮುಟ್ಟಿಸುವ ೩೨ ಮೀಟರ್ ಮತ್ತು ೧೮ ಮೀಟರ್ ವ್ಯಾಸದ ಆಂಟೆನಾಗಳು, ಕೆಂಗೇರಿಯಾಚೆಯ ಬ್ಯಾಲಾಳು ಗ್ರಾಮದಲ್ಲಿ ೨೦೦೮ರಿಂದ ಕೆಲಸ ಮಾಡುತ್ತಿವೆ. ಅಲ್ಲಿಯ ಆಜ್ಞೆ ಯೂನಿಕ್ಸಿನ ಪಂಕ್ತಿಯಲ್ಲ, ನಿಜ. ಆದರೂ ದೂರದಲ್ಲಿ ತಾನಾಗಿ ನಡೆಯುವ ಯಂತ್ರವನ್ನು ಮೊದಲೇ ಸಿದ್ಧಪಡಿಸಿದ ಆಜ್ಞೆಗಳಿಂದ ತಡೆದು ನಡೆಸುವುದೆಂಬಲ್ಲಿ ಎರಡೂ ಒಂದೇ ಜಾತಿಯವು.

೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ-೩ರ ವಿಕ್ರಮ್ ಚಂದ್ರನ ಮೇಲಿಳಿಯಿತು. ಚಂದ್ರನ ಹಗಲು ಮುಗಿಯುತ್ತ ಬಂದಾಗ, ಸೆಪ್ಟೆಂಬರ್ ೨ರಂದು ಪ್ರಗ್ಯಾನ್ ವಾಹನವನ್ನೂ ೪ರಂದು ವಿಕ್ರಮ್ ನೌಕೆಯನ್ನೂ ನಿದ್ರಾವಸ್ಥೆಗೆ ಕಳುಹಿಸಿದರು. ಆಗ ಸಂಸ್ಥೆ ಪ್ರಕಟಿಸಿದ ವಿವರಗಳನ್ನು ನಮ್ಮ ಮೂರು ಪ್ರಶ್ನೆಗಳೊಡನೆ ಹೋಲಿಸಬಹುದು. ನಿಂತದ್ದು ಯಾವುದು? ವೈಜ್ಞಾನಿಕ ಉಪಕರಣಗಳು. ನಿಲ್ಲದೆ ಉಳಿದದ್ದು? ಆಜ್ಞೆಯನ್ನು ಕೇಳಿಸಿಕೊಳ್ಳುವ ಗ್ರಾಹಕ. ಅದುವರೆಗಿನ ಕೆಲಸದ ಗತಿ? ಮಾಹಿತಿಯೆಲ್ಲ ಭೂಮಿಗೆ ಬಂದು ಸೇರಿತ್ತು. ಪ್ರಗ್ಯಾನಿನ ಬ್ಯಾಟರಿ ತುಂಬಿತ್ತು. ಮುಂದಿನ ಸೂರ್ಯೋದಯದ ಬೆಳಕು ಬೀಳುವಂತೆ ಅದರ ಸೌರಫಲಕವನ್ನು ತಿರುಗಿಸಲಾಗಿತ್ತು. ಕಾರಣ? ಚಂದ್ರನ ರಾತ್ರಿ. ಎಂದಿನವರೆಗೆ? ಸೆಪ್ಟೆಂಬರ್ ೨೨ರವರೆಗೆ. ಆ ದಿನ ಬಂದಾಗ ಎಚ್ಚರಿಸುವ ಪ್ರಯತ್ನ ನಡೆಯಿತು. ನೌಕೆಯಿಂದಾಗಲಿ ವಾಹನದಿಂದಾಗಲಿ ಉತ್ತರ ಬರಲಿಲ್ಲ. ಪುನರಾರಂಭ ಕೈಗೂಡಲಿಲ್ಲ ಎಂಬುದರಿಂದ ತಡೆಯ ದಾಖಲೆಯ ಬೆಲೆ ಕುಂದುವುದಿಲ್ಲ. ಯಾವುದು ಯಾವ ಸ್ಥಿತಿಯಲ್ಲಿ ನಿಂತಿತೆಂಬುದು ಗೊತ್ತಿರುವುದರಿಂದಲೇ ಏನನ್ನು ಕಳೆದುಕೊಂಡೆವು, ಏನನ್ನು ಕಳೆದುಕೊಳ್ಳಲಿಲ್ಲ ಎಂಬುದು ನಮಗೆ ಸ್ಪಷ್ಟವಾಗಿದೆ.

ಇದೇ ಕೇಂದ್ರದ ಇನ್ನೊಂದು ಪ್ರಸಂಗ ಪುನರಾರಂಭಕ್ಕೆ ಸಂಬಂಧಿಸಿದುದು. ೨೦೧೩ರ ಡಿಸೆಂಬರ್ ೧ರಂದು ಭೂಮಿಯ ಕಕ್ಷೆಯನ್ನು ಬಿಟ್ಟ ಮಂಗಳಯಾನದ ಮುಖ್ಯ ಎಂಜಿನು ಸುಮಾರು ಮುನ್ನೂರು ದಿನ ಸುಮ್ಮನಿದ್ದಿತು. ೨೦೧೪ರ ಸೆಪ್ಟೆಂಬರ್ ೨೪ರಂದು ಅದನ್ನು ನಡೆಸಿ ಮಂಗಳನ ಕಕ್ಷೆಯನ್ನು ಸೇರಬೇಕಾಗಿತ್ತು. ಎರಡು ದಿನ ಮುಂಚೆ, ೨೨ರಂದು, ಸುಮಾರು ನಾಲ್ಕು ಸೆಕೆಂಡುಗಳ ಕಾಲ ಅದನ್ನು ಉರಿಸಿ ನೋಡಿದರು. ಬಹುಕಾಲ ನಿಂತದ್ದನ್ನು ಪೂರ್ಣವಾಗಿ ನಡೆಸುವ ಮುನ್ನ ಸ್ವಲ್ಪ ನಡೆಸಿ ನೋಡಬೇಕೆಂಬ ವಿವೇಕ ಇದು. ಕಾರ್ಯಸರಣಿಗಳಿಗೂ ಇದು ಸಲ್ಲುತ್ತದೆ. ಕುಬರ್ನೆಟೀಸಿನಲ್ಲಿ ತಡೆಯಲ್ಪಟ್ಟ ಸರಣಿಯ ತಡೆಯನ್ನು ತೆಗೆಯದೆಯೇ, ಅದರ ಒಂದು ಸರದಿಯನ್ನು ಮಾತ್ರ ಕೈಯಿಂದ ಹೊರಡಿಸಿ ಪರೀಕ್ಷಿಸುವ ಅನುಕೂಲವಿದೆ. ಅನುಕೂಲವಿದ್ದೂ ಬಳಸದವರೇ ಹೆಚ್ಚು.

೫

ಈ ವಿಮರ್ಶೆಗೆ ಬರಬಹುದಾದ ಆಕ್ಷೇಪಣೆಗಳು ಎರಡು. ಆಪತ್ತಿನ ವೇಳೆಯಲ್ಲಿ ಆಜ್ಞೆ ಚಿಕ್ಕದಾಗಿರಬೇಕು, ಕಾರಣ ಬರೆಯುತ್ತ ಕುಳಿತರೆ ಅನಾಹುತವಾದೀತು ಎಂಬುದು ಮೊದಲನೆಯದು. ಇದು ತಡೆಗೆ ಒಪ್ಪುವ ಮಾತು, ಪುನರಾರಂಭಕ್ಕೆ ಒಪ್ಪದು. ಬೆಂಕಿ ಆರಿಸುವವನಿಗೆ ಅವಸರವುಂಟು. ಆರಿದ ಮೇಲೆ ಮನೆಗೆ ಮರಳುವವನಿಗೆ ಅಷ್ಟು ಅವಸರವಿಲ್ಲ. ಅವಸರದಲ್ಲಿ ಬಿಟ್ಟುದನ್ನು ತಡೆ ತೆರವಾಗುವ ಮುನ್ನ ಬರೆದು ತುಂಬಬಹುದು.

ಯಂತ್ರವೇ ಎಲ್ಲವನ್ನೂ ದಾಖಲೆಪುಸ್ತಕದಲ್ಲಿ ಬರೆದುಕೊಳ್ಳುತ್ತದೆ, ಪ್ರತ್ಯೇಕವಾಗಿ ಬರೆಯುವುದೇಕೆ ಎಂಬುದು ಎರಡನೆಯದು. ಯಾರು, ಯಾವಾಗ, ಏನು ಎಂಬ ಮೂರು ಅಂಶಗಳು ಆ ಪುಸ್ತಕಗಳಲ್ಲಿ ದೊರೆಯುವುದುಂಟು. ಏಕೆ ಎಂಬುದು ಮಾತ್ರ ದೊರೆಯದು. ಅದು ಯಂತ್ರಕ್ಕೆ ತಿಳಿದಿರುವುದೇ ಇಲ್ಲ. ಬರೆದ ಪಂಕ್ತಿಗಳ ನೆನಪನ್ನು ಇಟ್ಟುಕೊಳ್ಳುವ 'ಬ್ಯಾಷ್' ಎಂಬ ಸಾಧನವಾದರೋ, ಬೇರೆ ಏರ್ಪಾಟು ಮಾಡದಿದ್ದರೆ, ಕೊನೆಯ ಐನೂರು ಪಂಕ್ತಿಗಳನ್ನಷ್ಟೆ ಇಟ್ಟುಕೊಂಡು ಹಿಂದಿನವನ್ನು ಬಿಟ್ಟುಬಿಡುತ್ತದೆ. ಅವುಗಳಿಗೆ ದಿನಾಂಕವೂ ಇರುವುದಿಲ್ಲ. ಇಂತಹದನ್ನು ಆಕರವೆಂದು ನಂಬುವುದು, ಕಾಲ ನಮೂದಿಸದ ಒಡೆದ ಶಾಸನದ ತುಂಡಿನಿಂದ ರಾಜವಂಶವನ್ನು ಕಟ್ಟಹೊರಟಂತೆ.

ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಕಾಲೇಜುಗಳಲ್ಲಿ ನಮ್ಮ ಮುಂದೆ ಕುಳಿತ ವಿದ್ಯಾರ್ಥಿಗಳಲ್ಲಿ ಹಲವರು ಇಂತಹ ಆಜ್ಞೆಗಳನ್ನು ಬರೆಯುವ ಉದ್ಯೋಗಗಳಿಗೆ ಸೇರುತ್ತಾರೆ. ಇತಿಹಾಸದ ಅಭ್ಯಾಸದಿಂದ ಅವರಿಗೆ ಏನು ಪ್ರಯೋಜನವೆಂಬ ಪ್ರಶ್ನೆ ಪದೇ ಪದೇ ಏಳುವುದರಿಂದ, ಒಂದು ಉತ್ತರವನ್ನಾದರೂ ಇಲ್ಲಿ ಸೂಚಿಸಬಹುದು. ಆಜ್ಞೆಯನ್ನು ಬರೆಯುವವನು ಅದನ್ನು ಮುಂದೆ ಓದುವವನನ್ನು ನೆನೆಯಬೇಕೆಂಬುದು ಇತಿಹಾಸದ ಪಾಠಗಳಲ್ಲೊಂದು. ಸಾಧನವು ಕಾರಣಕ್ಕೆ ಸ್ಥಳ ಕೊಡದಿದ್ದರೂ, ಪಂಕ್ತಿಯ ಪಕ್ಕದಲ್ಲಿ ಒಂದು ಕಡತವನ್ನಿಟ್ಟು, ನಿಂತದ್ದು ಯಾವುದು, ನಡೆಯುತ್ತಿರುವುದು ಯಾವುದು, ಯಾರು ನಿಲ್ಲಿಸಿದರು, ಏಕೆ, ಎಂದಿನವರೆಗೆ, ತಪ್ಪಿದ ಸರದಿಗಳನ್ನು ನಡೆಸಬೇಕೇ ಬಿಡಬೇಕೇ ಎಂಬ ಐದಾರು ಸಾಲುಗಳನ್ನು ಬರೆದಿಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಕೊನೆಯ ಸಾಲು ಬರೆಯದೆ ಪುನರಾರಂಭದ ಆಜ್ಞೆಯನ್ನು ಕೊಡಕೂಡದು. ತಡೆದ ಕಾಲದಲ್ಲಿ ಸರದಿ ತಪ್ಪಿದ್ದು ಯಂತ್ರಕ್ಕಲ್ಲ; ಹಾಜರಿ ಸಿಗದ ವಿದ್ಯಾರ್ಥಿಗೆ, ವೇತನ ಬಾರದ ನೌಕರನಿಗೆ. ಅವರ ಲೆಕ್ಕವು ಆ ಒಂದು ಸಾಲಿನಲ್ಲಿದೆ.